ಫೋಟೋದ ಕೆಳಗೆ ಏನು ಬರೆಯುತ್ತೀ?

ಪ್ರತಿವರ್ಷ ಜೂನ್ ಬಂತೆಂದರೆ ಊರ ಕಡೆಯ ಒಬ್ಬಿಬ್ಬರು ಹುಡುಗರು ನನ್ನ ನಂಬರು ಹುಡುಕಿಕೊಂಡು ಫೋನು ಮಾಡುತ್ತಾರೆ. ಮುಂಬಯಿಯಲ್ಲಿ 22 ವರ್ಷ ಪತ್ರಿಕಾ ಛಾಯಾಗ್ರಾಹಕನಾಗಿ ಬದುಕಿದವನ ಹತ್ತಿರ ಏನೋ ಗುಟ್ಟಿದೆ ಎಂಬ ನಂಬಿಕೆ. ಈ ಸಲ ಗದಗಿನ ನಮ್ಮ ಓಣಿಯ ಹುಡುಗನೊಬ್ಬ, ಅಂಧೇರಿಯಲ್ಲಿ ಮಾಸ್ ಮೀಡಿಯಾ ಓದುತ್ತಿರುವವನು, ಡೊಂಬಿವಲಿಯ ಮನೆಗೇ ಬಂದ.

“ಕಾಕಾ, ಎರಡೂವರೆ ಲಕ್ಷದ ಕ್ಯಾಮೆರಾ ತಗೋಬೇಕಂತ ಮಾಡೇನಿ. ಅಪ್ಪ ಸೊಸೈಟ್ಯಾಗ ಸಾಲ ಕೇಳ್ಯಾನ.”

ಅವನ ಅಪ್ಪನ ಸ್ಟೇಷನರಿ ಅಂಗಡಿಯಲ್ಲಿ ಎರಡೂವರೆ ಲಕ್ಷ ಎಂದರೆ ಎಷ್ಟೆಂದು ನನಗೆ ಗೊತ್ತು. ಬೆನ್ನು ತಟ್ಟಿ ಕಳಿಸಲು ಮನಸ್ಸು ಬರಲಿಲ್ಲ. ಬೇಡ ಎನ್ನಲೂ ಆಗಲಿಲ್ಲ, ಯಾಕೆಂದರೆ ಫೋನಿನಲ್ಲಿ ತೋರಿಸಿದ ಚಿತ್ರಗಳು ನಿಜಕ್ಕೂ ಚೆನ್ನಾಗಿದ್ದವು. ಒಂದರಲ್ಲಿ ಮೊಣಕಾಲುದ್ದದ ಮಳೆನೀರಿನಲ್ಲಿ ಹೆಂಗಸೊಬ್ಬಳು ಗ್ಯಾಸ್ ಸಿಲಿಂಡರನ್ನು ಹೆಗಲ ಮೇಲೆ ಹೊತ್ತು ನಡೆಯುತ್ತಿದ್ದಳು.

“ಯಾರಪಾ ಈಕಿ?”

“ಗೊತ್ತಿಲ್ರಿ ಕಾಕಾ.”

“ಯಾವಾಗ ತಗದಿ?”

“ಹ್ವಾದ ವರ್ಷ ಮಳಿಗಾಲದಾಗ.”

“ಹಂಗಾದ್ರ ಫೋಟೋದ ಕೆಳಗ ಏನ ಬರೀತಿ?”

ನಾನು ಸೇರಿದಾಗ ನಮ್ಮ ಪತ್ರಿಕೆಯಲ್ಲಿ ಸಂಬಳದ ಛಾಯಾಗ್ರಾಹಕರು ಹನ್ನೊಂದು ಜನರಿದ್ದೆವು. ಈಗ ಅಲ್ಲಿ ಇಬ್ಬರು. ಉಳಿದದ್ದನ್ನು ವರದಿಗಾರರ ಫೋನು, ಏಜೆನ್ಸಿ, ವಾಟ್ಸಾಪ್ ತುಂಬುತ್ತವೆ. ಇದು ನಮ್ಮಲ್ಲಿ ಮಾತ್ರದ ಕತೆಯಲ್ಲ. 2013ರಲ್ಲಿ ಶಿಕಾಗೋ ಸನ್-ಟೈಮ್ಸ್ ತನ್ನ ಅಷ್ಟೂ ಛಾಯಾಗ್ರಾಹಕರನ್ನು, 28 ಜನರನ್ನು, ಒಂದೇ ದಿನ ಮನೆಗೆ ಕಳಿಸಿ ವರದಿಗಾರರಿಗೆ ಐಫೋನ್ ತರಬೇತಿ ಕೊಡಿಸಿತು. ಘಟನೆ ನಡೆದ ಜಾಗದಲ್ಲಿ ನಮಗಿಂತ ಮೊದಲು ಹತ್ತು ಫೋನುಗಳು ಇದ್ದೇ ಇರುತ್ತವೆ. ಈಗ ನಡೆಯದ ಘಟನೆಯ ಚಿತ್ರವನ್ನೂ ಎಐ ಮಾಡಿಕೊಡುತ್ತದೆ. ಅಂದಮೇಲೆ ಬರೀ ಒಳ್ಳೆಯ ಚಿತ್ರ ತೆಗೆಯುವವನಿಗೆ ಯಾರು ಸಂಬಳ ಕೊಡುತ್ತಾರೆ?

ಸಂಬಳ ಸಿಗುವುದಾದರೆ ಬೇರೆ ಕಾರಣಕ್ಕೆ. 2008ರ ನವೆಂಬರ್ 26ರ ರಾತ್ರಿ ಮುಂಬೈ ಮಿರರ್‌ನ ಸೆಬಾಸ್ಟಿಯನ್ ಡಿಸೋಜಾ ಎದುರಿಗಿದ್ದ ಸಿಎಸ್‌ಟಿ ಸ್ಟೇಷನ್ನಿಗೆ ಕ್ಯಾಮೆರಾ ಹಿಡಿದು ಓಡಿದರು. ಬಂದೂಕು ಹಿಡಿದ ಕಸಬ್‌ನ ಆ ಚಿತ್ರವನ್ನು ನೀವೆಲ್ಲ ನೋಡಿದ್ದೀರಿ. ಮುಂದಿನ ವರ್ಷ ಅವರು ಕೋರ್ಟಿನಲ್ಲಿ ನಿಂತು ಸಾಕ್ಷಿ ಹೇಳಿದ್ದು ಅಷ್ಟಾಗಿ ಯಾರಿಗೂ ನೆನಪಿಲ್ಲ. ನಾನಿದ್ದೆ, ನಾನೇ ತೆಗೆದೆ ಎಂದು ಹೇಳಬಲ್ಲ ಮನುಷ್ಯ ಚಿತ್ರದ ಹಿಂದೆ ಇರಬೇಕು. ಆ ಮಿರರ್ ಕೂಡ 2020ರ ಕೊನೆಗೆ ದಿನಪತ್ರಿಕೆಯಾಗಿ ನಿಂತುಹೋಯಿತು, ಅದು ಬೇರೆ ಮಾತು. ಪತ್ರಿಕೆಯನ್ನು ನಂಬಿ ಸಾಲ ಮಾಡಬೇಡ ಎಂದು ಹುಡುಗನಿಗೆ ಹೇಳಿದ್ದು ಅದಕ್ಕೇ.

ಮೂಲ ಫೈಲನ್ನು ಮಾತ್ರ ಅಳಿಸಬೇಡಿ. ವರ್ಲ್ಡ್ ಪ್ರೆಸ್ ಫೋಟೋ ಸ್ಪರ್ಧೆಯಲ್ಲಿ ಕೊನೆಯ ಸುತ್ತಿಗೆ ಬಂದವರಿಂದ ಮೂಲ ಫೈಲು ಕೇಳಿ ಪರೀಕ್ಷಿಸುತ್ತಾರೆ. ಎರಡು ಹಾರ್ಡ್‌ಡಿಸ್ಕ್, ಎರಡು ಬೇರೆ ಜಾಗ. ಲೆನ್ಸಿಗಿಂತ ಮೊದಲು ಅದಕ್ಕೆ ದುಡ್ಡು ಹಾಕಿ. ಕ್ಯಾಮೆರಾ ಫೋರ್ಟಿನ ಬೋರಾ ಬಜಾರಿನಲ್ಲಿ ಸೆಕೆಂಡ್ ಹ್ಯಾಂಡ್ ಸಿಗುತ್ತದೆ. ಜೊತೆಗೆ ಒಂದು 35 ಎಂಎಂ ಲೆನ್ಸ್ ಇದ್ದರೆ ಎರಡು ವರ್ಷಕ್ಕೆ ಸಾಕು.

ಇನ್ನು ಸಹಿ ಹಾಕುವ ಕಾಗದ. ಕ್ಯಾಮೆರಾದ ಮ್ಯಾನ್ಯುಯಲ್ ಇಡೀ ಓದುವ ಹುಡುಗರು ಒಪ್ಪಂದದ ಎರಡನೇ ಪುಟ ತಿರುವುವುದಿಲ್ಲ. 1957ರ ಕಾಪಿರೈಟ್ ಕಾಯ್ದೆ ನಾವು ಅಂದುಕೊಂಡಷ್ಟು ಕೆಟ್ಟದಾಗಿಲ್ಲ. ಬೇರೆ ಒಪ್ಪಂದ ಇಲ್ಲದಿದ್ದರೆ, ಸಂಬಳದ ನೌಕರ ಪತ್ರಿಕೆಗಾಗಿ ತೆಗೆದ ಚಿತ್ರವನ್ನು ಪತ್ರಿಕೆಗಳಲ್ಲಿ ಪ್ರಕಟಿಸುವ ಹಕ್ಕಷ್ಟೇ ಮಾಲೀಕರದು, ಉಳಿದದ್ದು ತೆಗೆದವನದು. ಆದರೆ ದುಡ್ಡು ಕೊಟ್ಟು ಯಾರೋ ಹೇಳಿ ತೆಗೆಸಿದ ಚಿತ್ರ, ಬೇರೆ ಮಾತಾಗಿರದಿದ್ದರೆ, ತೆಗೆಸಿದವರದೇ. ಹಕ್ಕು ವರ್ಗಾಯಿಸುವ ಪತ್ರದಲ್ಲಿ ಅವಧಿ ಬರೆದಿರದಿದ್ದರೆ ಐದು ವರ್ಷ ಎಂದೇ ಲೆಕ್ಕ. ಅದಕ್ಕೇ ವಕೀಲರು ‘ಶಾಶ್ವತವಾಗಿ, ಎಲ್ಲ ಮಾಧ್ಯಮಗಳಿಗೂ’ ಎಂದು ಸೇರಿಸಿರುತ್ತಾರೆ. ಆ ಸಾಲು ಹೊಡೆದುಹಾಕಿ ಎಂದು ಕೇಳಿ. ಹತ್ತರಲ್ಲಿ ಮೂವರು ಒಪ್ಪಿದ್ದನ್ನು ನಾನು ನೋಡಿದ್ದೇನೆ.

ಫ್ರೀಲಾನ್ಸ್ ಎಂದರೆ ನಮ್ಮವರಿಗೆ ಇವತ್ತಿಗೂ ಕೆಲಸವಿಲ್ಲದವನು ಎಂದೇ ಅರ್ಥ, ಹೆಣ್ಣು ಕೊಡುವಾಗಲಂತೂ. ನಮ್ಮ ಮೈಸೂರಿನ ಟಿ.ಎಸ್. ಸತ್ಯನ್ ಡೆಕ್ಕನ್ ಹೆರಾಲ್ಡ್‌ನಲ್ಲಿದ್ದು, ಇದೇ ಮುಂಬಯಿಯ ಇಲಸ್ಟ್ರೇಟೆಡ್ ವೀಕ್ಲಿಗೆ ಬಂದು, ಆಮೇಲೆ ಹೆಚ್ಚು ಕಾಲ ಸ್ವತಂತ್ರವಾಗಿಯೇ ದುಡಿದರು. ಲೈಫ್ ಪತ್ರಿಕೆಗೂ ಯುನಿಸೆಫ್‌ಗೂ ಚಿತ್ರ ತೆಗೆದರು. ಸಂಬಳದ ಛಾಯಾಗ್ರಾಹಕ ಎಂಬುದು ನಡುವೆ ಬಂದ ಒಂದು ಸುಖದ ಕಾಲ, ಅಷ್ಟೇ. ಈಗ ಮದುವೆಯ ಫೋಟೋ ತೆಗೆದು ಬಾಡಿಗೆ ಕಟ್ಟಿ, ಉಳಿದ ದಿನ ಸುದ್ದಿಯ ಕೆಲಸ ಮಾಡುವವರು ನನ್ನ ಗೆಳೆಯರಲ್ಲೇ ಇದ್ದಾರೆ. ಅದರಲ್ಲಿ ನಾಚಿಕೆ ಏನಿಲ್ಲ. ಮದುವೆಯಲ್ಲಿ “ಇನ್ನೊಮ್ಮೆ ಹಾರ ಹಾಕಿ” ಎಂದು ಹೇಳಬಹುದು. ಮಳೆನೀರಿನಲ್ಲಿ ನಿಂತವರಿಗೆ “ಇನ್ನೊಮ್ಮೆ ಸಿಲಿಂಡರ್ ಎತ್ತಿ” ಎಂದು ಹೇಳಬಾರದು.

ನಮಗೆ, ಈ ಊರಿನ ಕನ್ನಡಿಗರಿಗೆ, ಇನ್ನೊಂದು ಬಂಡವಾಳವಿದೆ. ಕೂಲಿಯವರು ಬೆಳಿಗ್ಗೆ ಕಾಯುತ್ತ ನಿಲ್ಲುವ ನಾಕಾಗಳಲ್ಲಿ ಕಲಬುರಗಿ, ವಿಜಯಪುರದ ಕಡೆಯವರು ಇದ್ದೇ ಇರುತ್ತಾರೆ. ಇಂಗ್ಲಿಷ್ ಪತ್ರಿಕೆಗೆ ಅವರು ಬರೀ ‘ವಲಸೆ ಕಾರ್ಮಿಕರು’. “ಯಾವೂರ್ರೆವ್ವ ನಿಮ್ದು?” ಎಂದು ಕೇಳಿದರೆ ಹೆಸರು, ಊರು, ಗುತ್ತಿಗೆದಾರ ಬಾಕಿ ಇಟ್ಟ ಕೂಲಿ ಎಲ್ಲ ಬರುತ್ತದೆ. ಹಾಗೆ ಒಮ್ಮೆ ಮಾತಾಡಿಸಿದ ಅಜ್ಜಿಯೊಬ್ಬಳು ನಾನು ಹೆಸರು ಬರೆದುಕೊಳ್ಳುವುದನ್ನು ನೋಡಿ, “ಬರೇ ಹೆಸರು ಬರದ್ರ ಯಾರಿಗಿ ಗೊತ್ತಾಗ್ತದ ತಮ್ಮಾ, ಊರೂ ಹಾಕು” ಎಂದಳು. ಹಾಕಿ ಕಳಿಸಿದೆ. ಜಾಗ ಸಾಲದೆಂದು ಡೆಸ್ಕಿನವರು ಊರು ತೆಗೆದರು. ನನ್ನ ಫೈಲಿನಲ್ಲಿ ಇದೆ.