ಚಿಕ್ಕ ಹಾಯಿದೋಣಿಯ ಆಯ್ಕೆ

ಕುಂದಾಪುರದ ಹಿನ್ನೀರಿನ ದಂಡೆಯಲ್ಲಿ ಮನೆ ಮಾಡಿಕೊಂಡಿರುವ ನಮಗೆ ಒಂದು ಚಿಕ್ಕ ಹಾಯಿದೋಣಿ ಇರಬೇಕೆಂಬ ಆಸೆಯು ಬಹುಕಾಲದಿಂದ ಇದ್ದಿತು. ಎರಡು ವರ್ಷಗಳ ಹಿಂದೆ ಹಳೆಯ ದೋಣಿಯೊಂದು ಮಾರಾಟಕ್ಕಿದೆಯೆಂದು ಕೇಳಿ ಹೋದೆವು. ಅದರ ಎತ್ತರವಾದ ಕೂವೆಮರವನ್ನೂ ಬೆಳ್ಳನೆಯ ಹಾಯಿಯನ್ನೂ ಕಂಡು ಮರುಳಾಗಿ, ಬಗ್ಗಿ ಅಡಿಯನ್ನು ನೋಡದೆಯೇ ಹಣವನ್ನು ಎಣಿಸಿ ಕೊಟ್ಟೆವು.

ಅದರ ಫಲವು ಬೇಗನೆ ದೊರೆಯಿತು. ಒಂದು ಸಂಜೆ ಹನ್ನೆರಡು ವರ್ಷದ ಮಗನೊಡನೆ ಹಿಂದಿರುಗುತ್ತಿದ್ದಾಗ ನೀರು ಇಳಿಯತೊಡಗಿದ್ದಿತು, ಗಾಳಿಯು ಬೆನ್ನಿಗಿದ್ದಿತು. ದೋಣಿಯ ಕೆಳಗಿನ ಹಲಗೆಯು ಮರಳದಿಬ್ಬಕ್ಕೆ ನಾಟಿತು. ದೋಣಿಯು ಥಟ್ಟನೆ ನಿಂತು ಮಗ್ಗುಲಾಯಿತು. ಹುಡುಗನು ನೀರಿಗೆ ಬಿದ್ದನು. ತೇಲುವ ಜಾಕೆಟು ಮೈಮೇಲಿದ್ದುದರಿಂದಲೂ ನೀರು ಸೊಂಟದ ಮಟ್ಟಕ್ಕಿದ್ದುದರಿಂದಲೂ ಅಪಾಯವು ತಪ್ಪಿತು. ನೆರವಿಗೆ ಬಂದ ಮುದುಕ ಮೀನುಗಾರನು ನುಡಿದುದು ಒಂದೇ ಮಾತು: "ಹಾಯಿ ಕಂಡ್ ತಕಂಡ್ರಿ ಮಾರಾಯ್ರೆ, ಅಡಿ ಕಾಣ್ಲಿಲ್ಲ."

ಆ ಮಾತಿನ ಅರ್ಥವನ್ನು ಆಮೇಲೆ ಅರಿತೆವು. ಗಾಳಿಯು ದೋಣಿಯನ್ನು ಮುಂದಕ್ಕೆ ಮಾತ್ರವಲ್ಲದೆ ಪಕ್ಕಕ್ಕೂ ನೂಕುತ್ತದೆ. ಅದನ್ನು ತಡೆಯಲು ನೀರಿನೊಳಗೆ ಹಲಗೆಯೊಂದು ಬೇಕು. ಅಲುಗದಂತೆ ಕೂಡಿಸಿದ ಹಲಗೆಯು ಆಳವಿಲ್ಲದ ನೀರಿಗೆ ಸಲ್ಲದು. 1947ರಲ್ಲಿ ಅಮೆರಿಕದ ಕ್ಲಾರ್ಕ್ ಮಿಲ್ಸ್ ಎಂಬವರು ಮಕ್ಕಳಿಗಾಗಿ ರಚಿಸಿದ 'ಆಪ್ಟಿಮಿಸ್ಟ್' ದೋಣಿಯಲ್ಲಿ ಹಲಗೆಯನ್ನು ಕೈಯಿಂದ ನೆಟ್ಟಗೆ ಮೇಲಕ್ಕೆಳೆಯಬೇಕು. ನಮ್ಮದೂ ಅದೇ ಬಗೆಯದು, ನಾವು ಎಳೆಯಲು ಮರೆತಿದ್ದೆವು. 1957ರಲ್ಲಿ ಇಂಗ್ಲೆಂಡಿನ ಇಯಾನ್ ಪ್ರಾಕ್ಟರ್ ಅವರು ರಚಿಸಿದ 'ವೇಫೇರರ್' ದೋಣಿಯಲ್ಲಾದರೋ ಹಲಗೆಯು ಒಂದು ತಿರುಗಣೆಯ ಮೇಲಿರುತ್ತದೆ. ನೆಲವು ತಾಕಿದೊಡನೆ ಹಿಂದಕ್ಕೆ ವಾಲಿ ಮೇಲೇರುತ್ತದೆ. ಇದಕ್ಕೂ ದೋಷವಿಲ್ಲದಿಲ್ಲ: ಹಲಗೆಯ ಗೂಡು ದೋಣಿಯ ನಡುವಿನ ಸ್ಥಳವನ್ನು ಆಕ್ರಮಿಸುತ್ತದೆ, ಅದರಲ್ಲಿ ಮರಳು ಕಲ್ಲು ಸಿಕ್ಕಿಕೊಂಡರೆ ಹಲಗೆಯು ಕೆಳಗಿಳಿಯದು.

ತೂಕವನ್ನೂ ಗಮನಿಸಬೇಕು. ಆಪ್ಟಿಮಿಸ್ಟಿನ ಒಡಲು 35 ಕಿಲೋಗ್ರಾಂ. ಇಬ್ಬರು ಎತ್ತಿ ದಂಡೆಗೆ ತರಬಹುದು. ವೇಫೇರರಿನ ಒಡಲು ಸುಮಾರು 170 ಕಿಲೋಗ್ರಾಂ; ಅದನ್ನು ಮೇಲೆಳೆಯಲು ಕೆಳಗೆ ಉರುಳೆಗಳನ್ನಿಡಬೇಕು.

ಕಡೆಗೆ ನಮ್ಮ ದೋಣಿಯನ್ನು, ಅದರ ಗುಣದೋಷಗಳೆರಡನ್ನೂ ತಿಳಿಸಿ, ಆಳವಾದ ನೀರಿನಲ್ಲಿ ನಡೆಸುವವರಿಗೆ ಮಾರಿದೆವು. ತಿರುಗುವ ಹಲಗೆ, ಮೇಲಕ್ಕೆತ್ತಬಹುದಾದ ಚುಕ್ಕಾಣಿ, ಚಪ್ಪಟೆಯಾದ ಅಡಿ, ಮನೆಯವರೇ ಎಳೆಯಬಹುದಾದ ತೂಕ, ಇಷ್ಟನ್ನು ನೋಡಿ ಇನ್ನೊಂದನ್ನು ತಂದೆವು. ನೋಟಕ್ಕೆ ಅದು ಸಾಧಾರಣವೇ. ಆದರೆ ಮಗನನ್ನು ಮತ್ತೆ ನೀರಿಗೆ ಕಳುಹಿಸೆನೆಂದು ಹಟ ಹಿಡಿದಿದ್ದ ಗೃಹಿಣಿಯು, ಅದು ಮರಳಿಗೆ ತಾಕಿಯೂ ಕದಲದೆ ದಡ ಸೇರಿದುದನ್ನು ಕಂಡು, ಮರುದಿನ ತಾನೇ ಅವನ ಜಾಕೆಟಿನ ಪಟ್ಟಿಗಳನ್ನು ಬಿಗಿದು ಕಳುಹಿಸಿದಳು.