ನೆಲ ಮುಟ್ಟುವ ಮೊದಲು

ಮಂಗಳೂರಿನಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯು ಉಪ್ಪಿನಂಗಡಿಯನ್ನು ದಾಟಿ, ಶಿರಾಡಿ ಘಾಟಿಯನ್ನು ಏರುವ ಮೊದಲು ನೆಲ್ಯಾಡಿಯ ಪೇಟೆಯನ್ನು ಹಾದುಹೋಗುತ್ತದೆ. ಆ ಹೆದ್ದಾರಿಯಿಂದ ಕೂಗಳತೆಯಷ್ಟು ಒಳಗೆ, ಅಡಿಕೆಯ ತೋಟಕ್ಕೂ ರಬ್ಬರಿನ ಗುಡ್ಡಕ್ಕೂ ನಡುವೆ, ಒಂದು ಗದ್ದೆಯುಂಟು. ಸುತ್ತಲಿನ ಗದ್ದೆಗಳೆಲ್ಲ ತೋಟಗಳಾಗಿ ಮಾರ್ಪಟ್ಟರೂ ಮನೆಯ ಯಜಮಾನನು ಇದೊಂದನ್ನು ಮಾತ್ರ ಉಳಿಸಿಕೊಂಡಿದ್ದನು. ಏಣೆಲು ಬೆಳೆಯ ಕೊಯ್ಲು ಮುಗಿದು ನೆಲ ಆರಿದ ಮೇಲೆ, ಒಂದು ಮುಂಜಾನೆ, ಆ ಗದ್ದೆಯಲ್ಲಿ ಮಣ್ಣಿಗೆ ಕಬ್ಬಿಣ ತಾಗುವ ಸದ್ದು ಕೇಳಿಸಿತು. ಹಾಲು ಒಯ್ಯುತ್ತಿದ್ದ ನೆರೆಯವನು, ಯಾರೋ ಗೆಣಸಿಗೆ ಏರಿ ಕಡಿಯುತ್ತಿರಬೇಕೆಂದು ಬಗೆದು ಇಣಿಕಿ ನೋಡಿದನು. ಮನೆಯ ಮಗನು ಉದ್ದವಾದೊಂದು ಕೋಲನ್ನು ಹಿಡಿದು ಸಣ್ಣ ಬಿಳಿಯ ಚೆಂಡನ್ನು ಹೊಡೆಯುತ್ತಿದ್ದನು. ಚೆಂಡು ಹಾರುತ್ತಿರಲಿಲ್ಲ, ಮಣ್ಣು ಹಾರುತ್ತಿತ್ತು.

ಈ ಆಟದ ಹೆಸರು ಗಾಲ್ಫ್. ಕಲ್ಕತ್ತೆಯಲ್ಲಿ 1829ರಲ್ಲಿಯೂ ಬೆಂಗಳೂರಿನಲ್ಲಿ 1876ರಲ್ಲಿಯೂ ಇದರ ಸಂಘಗಳು ಸ್ಥಾಪಿತವಾದುವು. ಮೊದಲು ಇದು ಆಂಗ್ಲರ ವಿನೋದವಾಗಿದ್ದಿತು, ಬಳಿಕ ಸಿರಿವಂತರದಾಯಿತು. ಆದರೆ ಅನ್ಯರ ಕೋಲುಗಳ ಚೀಲವನ್ನು ಹೊತ್ತು ನಡೆದೇ ಆಟವನ್ನು ಕಲಿತ ಬೆಂಗಳೂರಿನ ಸಿ. ಮುನಿಯಪ್ಪನವರು 2009ರಲ್ಲಿ ಇಂಡಿಯನ್ ಓಪನ್ ಪಂದ್ಯವನ್ನು ಗೆದ್ದರು. ಬೆಂಗಳೂರಿನವರೇ ಆದ ಅದಿತಿ ಅಶೋಕರು 2021ರಲ್ಲಿ ಟೋಕಿಯೋ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನವನ್ನು ಪಡೆದರು. ವಿದ್ಯೆಯು ಒಡವೆಯನ್ನು ನೋಡಿ ಬರುವುದಿಲ್ಲವೆಂಬುದಕ್ಕೆ ಮುನಿಯಪ್ಪನವರ ಉದಾಹರಣೆಯೊಂದೇ ಸಾಕು.

ನೆಲ್ಯಾಡಿಯ ಈ ತರುಣನಿಗೆ ಬೆಂಗಳೂರಿನಲ್ಲಿ ಉದ್ಯೋಗ. ಮೇಲಧಿಕಾರಿಗಳ ಜತೆಯಲ್ಲಿ ಮೈದಾನಕ್ಕೆ ಹೋದಾಗಲೆಲ್ಲ ಅವನ ಕೋಲು ಚೆಂಡಿಗಿಂತ ಮೊದಲು ನೆಲವನ್ನೇ ಬಡಿಯುತ್ತಿತ್ತು. ಒಮ್ಮೆ ನಾಲ್ವರು ನಕ್ಕರು. ಆ ಬಳಿಕ ಅವನು ಮೈದಾನದ ಕಡೆಗೆ ತಲೆಹಾಕಲಿಲ್ಲ. ಅಷ್ಟರಲ್ಲಿ ಆಷಾಢದ ಮಳೆಯಲ್ಲಿ ತಂದೆಗೆ ಪಾರ್ಶ್ವವಾಯು ಬಡಿದು ಬಲಗೈ ಸೋತುಹೋಯಿತು. ಮಗನು ಮನೆಯಿಂದಲೇ ಕೆಲಸಮಾಡಲು ಅನುಮತಿಯನ್ನು ಪಡೆದು ಊರಿಗೆ ಬಂದನು. ಬರುವಾಗ, ಏತಕ್ಕೆಂದು ತನಗೇ ತಿಳಿಯದೆ, ಏಳನೆಯ ಸಂಖ್ಯೆಯ ಕಬ್ಬಿಣವೊಂದನ್ನು ಜತೆಗೆ ತಂದಿದ್ದನು.

ಕೋಲಿನ ತುದಿಯಲ್ಲಿ ಲೋಹದ ಚಪ್ಪಟೆಯಾದ ಮುಖವುಳ್ಳ ಸಾಧನಕ್ಕೆ ಆ ಆಟದವರು ಕಬ್ಬಿಣವೆಂದೇ ಹೆಸರಿಟ್ಟಿದ್ದಾರೆ. ಏಳನೆಯದರ ಮುಖವು ಸುಮಾರು 30ರಿಂದ 34 ಡಿಗ್ರಿಗಳಷ್ಟು ಹಿಂದಕ್ಕೆ ಓರೆಯಾಗಿರುತ್ತದೆ. ಚೆಂಡನ್ನು ಮೇಲಕ್ಕೆ ಕಳುಹಿಸುವ ಹೊಣೆಯು ಆ ಓರೆಯದೇ ಹೊರತು ಆಟಗಾರನದಲ್ಲ. ಹೊಸಬನಿಗೆ ಇದರಲ್ಲಿ ನಂಬಿಕೆ ಹುಟ್ಟುವುದಿಲ್ಲ. ಚೆಂಡನ್ನು ತಾನೇ ಎತ್ತಬೇಕೆಂಬ ಆತುರದಿಂದ ಅವನು ಸೌಟಿನಲ್ಲಿ ಸಾರನ್ನು ಮೊಗೆಯುವಂತೆ ಮಣಿಕಟ್ಟನ್ನು ತಿರುಹುತ್ತಾನೆ. ಮೈಯ ಭಾರವು ಬಲಗಾಲಿನಲ್ಲಿಯೇ ಉಳಿಯುತ್ತದೆ. ಆಗ ಬೀಸಿನ ಅತ್ಯಂತ ಕೆಳಗಿನ ಬಿಂದುವು ಚೆಂಡಿನ ಹಿಂದೆಯೇ ಬೀಳುತ್ತದೆ. ಕಬ್ಬಿಣವು ಮಣ್ಣಿನಲ್ಲಿ ಹೂತುಕೊಳ್ಳುತ್ತದೆ. ಇಲ್ಲವೆ ಮಣ್ಣನ್ನು ತಪ್ಪಿಸಿ ಏರುತ್ತ ಚೆಂಡಿನ ನೆತ್ತಿಯನ್ನು ಸವರುತ್ತದೆ. ಕುಶಲನಾದವನು ಭಾರವನ್ನು ಎಡಗಾಲಿಗೆ ದಾಟಿಸಿ, ಕೈಗಳನ್ನು ಚೆಂಡಿಗಿಂತ ತುಸು ಮುಂದಿಟ್ಟು, ಕೆಳಮುಖವಾಗಿ ಹೊಡೆಯುತ್ತಾನೆ. ಮೊದಲು ಚೆಂಡು, ಆಮೇಲೆ ನೆಲ. ಏರಬೇಕಾದುದನ್ನು ಇಳಿದು ಹೊಡೆಯಬೇಕೆಂಬುದೇ ಇಲ್ಲಿಯ ರಹಸ್ಯ.

ಇದನ್ನು ತಿಳಿಯಲು ಒಂದು ಗಳಿಗೆ ಸಾಕು; ಮೈಗೆ ತಿಳಿಸಲು ತಿಂಗಳುಗಳು ಬೇಕು. ವೇದಾಧ್ಯಯನದ ಪದ್ಧತಿಯನ್ನು ಬಲ್ಲ ವಾಚಕರಿಗೆ ಇದು ಹೊಸ ಮಾತಲ್ಲ. ಅಲ್ಲಿ ಸಂಹಿತೆಯನ್ನು ಬಿಡಿಬಿಡಿಯಾಗಿ ಒಡೆದುದು ಪದಪಾಠ. ಪದಗಳನ್ನು ಎರಡೆರಡಾಗಿ ಕೂಡಿಸಿದುದು ಕ್ರಮಪಾಠ. ಆ ಜೋಡಿಗಳನ್ನೇ ಹಿಂದುಮುಂದಾಗಿ ಹೆಣೆದುದು ಜಟೆ. ಅದಕ್ಕೂ ಮೇಲಿನದು ಘನ. ತುಂಡುಗಳು ನಾಲಗೆಯಲ್ಲಿ ನೆಲೆಗೊಂಡರೆ ಇಡಿಯಾದುದು ತಪ್ಪುವುದಿಲ್ಲ. ತರುಣನೂ ತನ್ನ ಹೊಡೆತವನ್ನು ಹಾಗೆಯೇ ಒಡೆದುಕೊಂಡನು.

ಮೊದಲನೆಯದು ಗೆರೆಯ ಅಭ್ಯಾಸ. ಸುಣ್ಣದ ಹುಡಿಯಿಂದ ನೆಲದ ಮೇಲೆ ಒಂದು ಗೆರೆ. ಅದು ಎರಡು ಪಾದಗಳ ನಡುವೆ ಬರುವಂತೆ ನಿಂತು, ಚೆಂಡಿಲ್ಲದೆಯೇ ಬೀಸುವುದು. ಕಬ್ಬಿಣವು ಕೆತ್ತಿದ ಗುರುತು ಗೆರೆಯ ಎಡಕ್ಕೆ, ಎಂದರೆ ಗುರಿಯ ಕಡೆಗೆ ಬಿದ್ದರೆ ಸರಿ. ಬಲಕ್ಕೆ ಬಿದ್ದರೆ ತಪ್ಪು. ಎರಡನೆಯದು ಬೈರಾಸಿನ ಅಭ್ಯಾಸ. ಚೆಂಡಿನ ಹಿಂದೆ ಐದಾರು ಅಂಗುಲ ಬಿಟ್ಟು ಮಡಚಿದ ಬೈರಾಸನ್ನು ಹಾಸಿ, ಅದಕ್ಕೆ ತಾಗದಂತೆ ಚೆಂಡನ್ನು ಹೊಡೆಯುವುದು. ಮೂರನೆಯದು ಪಾದಗಳನ್ನು ಜೋಡಿಸಿ ನಿಂತು ಮೆಲ್ಲನೆ ಹೊಡೆಯುವುದು. ತೂಕ ತಪ್ಪಿದರೆ ಕಾಲುಗಳೇ ಹೇಳಿಕೊಡುತ್ತವೆ. ನಾಲ್ಕನೆಯದು ಸೊಂಟದ ಮಟ್ಟದಿಂದ ಸೊಂಟದ ಮಟ್ಟಕ್ಕೆ ಅರ್ಧ ಬೀಸು. ಕೊನೆಯಲ್ಲಿ ಭಾರವೆಲ್ಲ ಎಡಗಾಲಿನ ಮೇಲೆ ನಿಲ್ಲುವಂತೆ ಮೂರು ಎಣಿಸುವವರೆಗೆ ಅಲುಗಾಡದೆ ಇರುವುದು. ಚೆಂಡುಗಳು ತೋಟಕ್ಕೆ ಹಾರದಂತೆ ಎದುರಿಗೆ ಹಳೆಯ ಬಲೆಯನ್ನು ಕಟ್ಟಿದ್ದನು. ಇದರಿಂದ ಇನ್ನೊಂದು ಉಪಕಾರವೂ ಆಯಿತು. ಚೆಂಡು ಎಲ್ಲಿಗೆ ಹೋಯಿತೆಂದು ನೋಡುವ ಆಸೆ ತಾನಾಗಿ ಅಡಗಿತು. ನೋಡುವುದಕ್ಕೆ ಉಳಿದುದು ನೆಲದ ಗುರುತು ಮಾತ್ರ.

ಇತ್ತ ತಂದೆಯು ಜಗಲಿಯಲ್ಲಿ ಕುಳಿತು ಇದನ್ನೆಲ್ಲ ನೋಡುತ್ತಿದ್ದನು. ವೈದ್ಯರು ಅವನಿಗೂ ಅಭ್ಯಾಸವನ್ನು ವಿಧಿಸಿದ್ದರು. ಲೋಟವನ್ನು ಎತ್ತಿ ಇಡುವುದು, ಹುಣಿಸೆಯ ಬೀಜಗಳನ್ನು ಆರಿಸುವುದು, ಮುಷ್ಟಿಯನ್ನು ಬಿಗಿದು ಬಿಚ್ಚುವುದು. ದಿನಕ್ಕೆ ಹಲವು ಸಲ. ಹತ್ತು ದಿನ ಮಾಡಿದನು. ಹನ್ನೊಂದನೆಯ ದಿನ ಕತ್ತಿಯನ್ನು ಹಿಡಿಯಲು ಹೋದನು. ಅದು ಕೈಯಿಂದ ಜಾರಿ ಅಂಗಳಕ್ಕೆ ಬಿದ್ದಿತು. ಐವತ್ತು ವರ್ಷ ತೋಟವನ್ನು ಆಳಿದ ಕೈಗೆ ಹುಣಿಸೆಯ ಬೀಜ ಹೆಕ್ಕುವ ಮಕ್ಕಳಾಟವೇ ಎಂದು ಹೇಸಿ, ಅಂದಿನಿಂದ ಎಲ್ಲವನ್ನೂ ಬಿಟ್ಟನು. ಮಗನು ಬೇಡಿದನು, ಮಡದಿ ಅತ್ತಳು, ಫಲವಾಗಲಿಲ್ಲ. ಬಿಟ್ಟಷ್ಟೂ ಬೆರಳುಗಳು ಬಿಗಿಯುತ್ತ ಬಂದುವು.

ಒಂದು ದಿನ ಅವನು ಊರುಗೋಲನ್ನು ಹಿಡಿದು ಗದ್ದೆಯ ಹುಣಿಗೆ ಬಂದನು. ಮಗನು ಸಿಡಿಮಿಡಿಗೊಂಡು, ಗೆರೆಯನ್ನು ಬಿಟ್ಟು, ಪೂರ್ಣ ಬಲದಿಂದ ಬೀಸುತ್ತಿದ್ದನು. ಹೆಂಟೆಯೊಂದು ಎದ್ದು ಬಲೆಗೆ ಬಡಿಯಿತು. ತಂದೆಯು ಸ್ವಲ್ಪ ಹೊತ್ತು ನೋಡಿ, “ನಿನಗೆ ಚೆಂಡು ಹಾರಬೇಕೆಂಬ ಅವಸರ. ಗೆರೆಯನ್ನು ಯಾಕೆ ಬಿಟ್ಟೆ?” ಎಂದು ಕೇಳಿದನು. ಮಗನು ಉತ್ತರ ಕೊಡಲಿಲ್ಲ. ಕೇಳಿದವನೂ ಮತ್ತೆ ಮಾತನಾಡಲಿಲ್ಲ. ತನ್ನ ಪ್ರಶ್ನೆಯು ತನ್ನನ್ನೇ ತಾಗಿತೆಂಬುದು ಆ ಮೌನದಲ್ಲಿ ಇಬ್ಬರಿಗೂ ತಿಳಿಯಿತು.

ಮರುದಿನ ಹುಣಿಯ ಮೇಲೆ ಒಂದು ಕುರ್ಚಿ ಬಂದಿತು. ಅದರ ಬಲಕ್ಕೆ ಚೆಂಡುಗಳ ಬುಟ್ಟಿ. ಗಾಲ್ಫಿನ ಚೆಂಡಿನ ಅಡ್ಡಳತೆ 42.67 ಮಿಲಿಮೀಟರಿಗೆ ಕಡಮೆಯಿರಬಾರದು, ತೂಕ 45.93 ಗ್ರಾಮಿಗೆ ಹೆಚ್ಚಿರಬಾರದು ಎಂಬುದು ಆಟದ ನಿಯಮ. ಹಣ್ಣಡಿಕೆಯನ್ನು ಹಿಡಿದು ಪಳಗಿದ ಬೆರಳುಗಳಿಗೆ ಅದು ಅಪರಿಚಿತವಾದ ಗಾತ್ರವಲ್ಲ. ತಂದೆಯು ಸೋತ ಕೈಯಿಂದಲೇ ಒಂದೊಂದು ಚೆಂಡನ್ನು ಹಿಡಿದು ಮಗನ ಅಂಗೈಗೆ ಕೊಡಬೇಕು. ಮಗನು ಅದನ್ನು ಗೆರೆಯ ಮೇಲಿಟ್ಟು ಹೊಡೆಯಬೇಕು. ಮೊದಲ ದಿನ ಮೂವತ್ತರಲ್ಲಿ ಇಪ್ಪತ್ತೆರಡು ಚೆಂಡುಗಳು ತಂದೆಯ ಕೈಯಿಂದ ಜಾರಿದುವು. ಮಗನು ಹತ್ತೊಂಬತ್ತು ಸಲ ಗೆರೆಯ ಹಿಂದೆ ಬಡಿದನು. ಇಬ್ಬರೂ ನಕ್ಕರು. ಆ ನಗೆಯು ಬೆಂಗಳೂರಿನ ಮೈದಾನದ ನಗೆಯಂತಿರಲಿಲ್ಲ.

ಎಣಿಕೆಯನ್ನು ಬರೆದಿಡುವ ಕೆಲಸ ತಾಯಿಯದಾಯಿತು. ಪಂಚಾಂಗದ ಅಂಚಿನಲ್ಲಿ ದಿನಕ್ಕೆ ಎರಡು ಅಂಕೆಗಳು: ಒಂದು ಕೈಯದು, ಒಂದು ಕಬ್ಬಿಣದ್ದು. ಕೆಲವು ದಿನ ಏರಿಕೆ, ಕೆಲವು ದಿನ ಇಳಿತ. ಮಕರ ಸಂಕ್ರಮಣದ ಹೊತ್ತಿಗೆ ತಂದೆಯ ಕೈಯಿಂದ ಜಾರುವ ಚೆಂಡುಗಳು ಆರಕ್ಕೆ ಇಳಿದಿದ್ದುವು. ಮಗನ ಮೂವತ್ತು ಹೊಡೆತಗಳಲ್ಲಿ ಇಪ್ಪತ್ತರ ಗುರುತು ಗೆರೆಯ ಆಚೆಗೆ ಬೀಳುತ್ತಿತ್ತು. ನೆಲವನ್ನು ಬಡಿಯುವ ಮಂಕು ಸದ್ದಿಗೆ ಬದಲಾಗಿ, ಒಣಗಿದ ಗೋಟಡಿಕೆಯನ್ನು ಕಲ್ಲಿನ ಮೇಲೆ ಹಾಕಿದಂತಹ ಚಿಕ್ಕ, ಗಟ್ಟಿಯಾದ ಸದ್ದು ಮನೆಯ ಅಂಗಳಕ್ಕೆ ಕೇಳಿಸತೊಡಗಿತು.

ಮಗನು ಬೆಂಗಳೂರಿಗೆ ಮರಳಿದನು. ಅವನು ಇನ್ನೂ ಮಹಾ ಆಟಗಾರನಾಗಿಲ್ಲ. ತಂದೆಯ ಕೈಗೆ ಕತ್ತಿಯೂ ಇನ್ನೂ ನಿಲ್ಲುವುದಿಲ್ಲ. ಆದರೆ ಹೊರಡುವ ದಿನ ಮಗನು ಬಾಗಿ ನಮಸ್ಕರಿಸಿದಾಗ, ಆ ಬಲಗೈಯೇ ಎದ್ದು ಅವನ ತಲೆಯ ಮೇಲೆ ನಿಂತಿತು. ಕಬ್ಬಿಣವನ್ನು ಅವನು ಜತೆಗೆ ಒಯ್ದನು. ಬುಟ್ಟಿಯನ್ನೂ ಚೆಂಡುಗಳನ್ನೂ ಅಲ್ಲಿಯೇ ಬಿಟ್ಟನು. ತಾಯಿಯು ಪಂಚಾಂಗದ ಅಂಚಿನಲ್ಲಿ ಈಗ ದಿನಕ್ಕೆ ಒಂದೇ ಅಂಕೆಯನ್ನು ಬರೆಯುತ್ತಾಳೆ.