ನಮ್ಮ ಮಗ್ಗದ ಗುಂಡಿ ಯಾವ ಪರಂಪರೆಗೆ ಸೇರುತ್ತೆ?



ದೊಡ್ಡಬಳ್ಳಾಪುರದ ನೇಕಾರಿಕೆಯ ಪರಂಪರೆ ಬಗ್ಗೆ ಈಚೆಗೆ ಒಳ್ಳೊಳ್ಳೆ ಬರಹ, ವಿಡಿಯೊ ಬರ್ತಿವೆ. ಬರಲಿ. ಯಲಹಂಕದಿಂದ ರಾಜಾನುಕುಂಟೆ ದಾಟಿ ಹೋದರೆ ಸಿಗೋ ಊರು ಅದು. ನೇಕಾರರ ಬೀದಿಗಳಲ್ಲಿ ನಡೆದರೆ ಗೋಡೆಯಾಚೆಯಿಂದ ಪವರ್‌ಲೂಮಿನ ಸದ್ದು ಎದೆಗೇ ಬಡಿಯುತ್ತೆ. ನಮ್ಮ ಕಡೆ ಮದುವೆ ಸೀರೆ ಅಂದ್ರೆ ಎಷ್ಟೋ ಮನೆಗಳಿಗೆ ಅಲ್ಲಿಂದಲೇ ಬಂದಿದ್ದು. ಇವತ್ತು ಸೂರತ್ತಿನ ಅಗ್ಗದ ಸೀರೆ ಎದುರು ಆ ನೇಕಾರರೇ ಒದ್ದಾಡ್ತಿದ್ದಾರೆ. ಅವರ ಹೋರಾಟದ ಜೊತೆ ನಾನೂ ಇದ್ದೀನಿ, ಮೊದಲೇ ಹೇಳಿಬಿಡ್ತೀನಿ. ಮುಂದೆ ಬರೆಯೋದನ್ನ ಅವರ ಮೇಲಿನ ಸಿಟ್ಟು ಅಂತ ಯಾರೂ ಓದಬಾರದು.

ಆ ಮಗ್ಗಗಳ ತಲೆ ಮೇಲೆ ಜಕಾರ್ಡ್ ಅಂತ ಒಂದು ಸಾಧನ ಕೂತಿರುತ್ತೆ. ತೂತು ಹೊಡೆದ ರಟ್ಟಿನ ಪಟ್ಟಿಗಳು ಒಂದೊಂದೇ ಉರುಳ್ತಾ, ಯಾವ ಎಳೆ ಮೇಲೇಳಬೇಕು, ಯಾವುದು ಕೆಳಗಿರಬೇಕು ಅಂತ ಹೇಳುತ್ತವೆ. ಸೆರಗಿನ ನವಿಲು ಮೂಡೋದು ಹಾಗೆ. ಅದನ್ನ 1804ರ ಹೊತ್ತಿಗೆ ರೂಪಿಸಿದ ಜಕಾರ್ಡ್ ಫ್ರಾನ್ಸಿನ ಲಿಯೋನ್ ಅನ್ನೋ ರೇಷ್ಮೆ ಊರಿನವನು. ಅದೇ ಊರಿನ ನೇಕಾರರು 1831ರಲ್ಲಿ ಕೂಲಿ ದರಕ್ಕಾಗಿ ದಂಗೆ ಎದ್ದು ಕೆಲವು ದಿನ ಊರನ್ನೇ ಕೈಗೆ ತಗೊಂಡಿದ್ರು. 1834ರಲ್ಲಿ ಮತ್ತೆ ಎದ್ದರು. ಲಿಯೋನಿನ ನೇಯ್ಗೆಯ ಚರಿತ್ರೆ ಯಾರೇ ಬರೆದರೂ ಆ ಎರಡು ವರ್ಷ ಬಿಟ್ಟು ಬರೆಯೋಕಾಗಲ್ಲ. ನಮ್ಮಲ್ಲಿ ಪರಂಪರೆ ಅಂದ ಕೂಡಲೇ ಜರಿ, ಬಣ್ಣ, ಬಾರ್ಡರ್ ಬರುತ್ತೆ. ಕೂಲಿ ಬರಲ್ಲ. ಜಾತಿಯಂತೂ ಬರೋದೇ ಇಲ್ಲ.

ನೇಕಾರರು ಅಂದ್ರೆ ಯಾರು? ದೇವಾಂಗ, ಪದ್ಮಶಾಲಿ, ತೊಗಟ, ಪಟ್ಟಸಾಲಿ, ಹೀಗೆ ಪಟ್ಟಿ ಶುರುವಾಗುತ್ತೆ. ಅವರಿಗೆ ದೇವರ ದಾಸಿಮಯ್ಯನವರಿದ್ದಾರೆ, ಸರ್ಕಾರವೇ ಜಯಂತಿ ಮಾಡುತ್ತೆ. ಸರಿಯೇ. ಆದರೆ ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಕಂಪನಿ ಕಳಿಸಿದ ಫ್ರಾನ್ಸಿಸ್ ಬುಕಾನನ್ ಬೆಂಗಳೂರಿಗೆ ಬಂದು ಇಲ್ಲಿನ ನೇಯುವವರ ಲೆಕ್ಕ ಬರೆದುಕೊಂಡ. ಅವನ ಪುಸ್ತಕ 1807ರಲ್ಲಿ ಅಚ್ಚಾಯ್ತು. ಆ ಪಟ್ಟಿಯಲ್ಲಿ ಇನ್ನೊಂದು ಹೆಸರಿದೆ: ಹೊಲೆಯರು. ಬಡವರು ಉಡೋ ದಪ್ಪ ಬಟ್ಟೆ ನೇಯುವವರು ಅಂತ. ಇನ್ನೂರು ವರ್ಷದಲ್ಲಿ ಈ ಒಂದು ಹೆಸರು ಮಾತ್ರ ಪಟ್ಟಿಯಿಂದ ಹೇಗೆ ಜಾರಿತು?

ನನಗೆ ಇದು ಪುಸ್ತಕದಿಂದ ಗೊತ್ತಾದ ವಿಷಯ ಅಲ್ಲ. ಹೆಸರಘಟ್ಟದ ಕಡೆ ನಮ್ಮ ಹಳ್ಳಿಯ ಹಳೇ ಮನೆಯಲ್ಲಿ ನಡುಮನೆಯ ಒಂದು ಮೂಲೆ ಮಾತ್ರ ಯಾವಾಗಲೂ ಕುಸೀತಿತ್ತು. ಎಷ್ಟು ಸಲ ಮಣ್ಣು ತುಂಬಿ ಸಾರಿಸಿದರೂ ಅಷ್ಟೇ. ಕೇಳಿದ್ದಕ್ಕೆ ಅಜ್ಜಿ ಹೇಳಿತು: "ನಿಮ್ಮ ತಾತನ ಅಪ್ಪ ಕಾಲು ಇಳಿಬಿಟ್ಕೊಂಡು ನೇಯ್ತಿದ್ದ ಗುಂಡಿ ಕಣೋ ಅದು. ಮುಚ್ಚಿ ಮೇಲೆ ರಾಗಿ ಗುಡಾಣ ಇಟ್ವಿ." ಪಂಚೆ, ದುಪ್ಪಟಿ, ದಪ್ಪನೆ ಸೀರೆ ನೇಯ್ತಿದ್ರಂತೆ. ಊರಿನವರು ಜಗಲಿ ಕೆಳಗೇ ನಿಲ್ಲಿಸಿ, ಬಟ್ಟೆಗೆ ನೀರು ಚಿಮುಕಿಸಿ ಒಳಗೆ ತಗೋತಿದ್ರಂತೆ. ನೇಯ್ದವನ ಕೈ ಮೈಲಿಗೆ, ನೇಯ್ದ ಬಟ್ಟೆ ನೀರು ಬಿದ್ದರೆ ಮಡಿ. ಎಂಥ ಅನುಕೂಲದ ಶಾಸ್ತ್ರ ನೋಡಿ!

ಆ ಗುಂಡಿ ಮುಚ್ಚಿಸಿದ್ದು ಮಿಲ್ ಬಟ್ಟೆ. ರೇಷ್ಮೆ ನೇಯುವವರಿಗೆ ಶ್ರೀಮಂತ ಗಿರಾಕಿ ಉಳಿದರು. ದಪ್ಪ ಬಟ್ಟೆ ನೇಯುವವರ ಗಿರಾಕಿ ಬಡವ, ಅವನು ಅಗ್ಗದ ಮಿಲ್ ಬಟ್ಟೆ ಕಡೆ ಹೋದ. ಅವನನ್ನ ದೂರೋಕಾಗುತ್ತಾ? ಮಗ್ಗ ಹೋದವರಿಗೆ ಜಮೀನೂ ಇರಲಿಲ್ಲ. ಜೀತ, ಕೂಲಿ ಆಮೇಲೆ ನಮ್ಮ "ಕುಲಕಸುಬು" ಆಯ್ತು.

ಹಾಗಾದರೆ ಮಿಲ್ಲಿಗೇ ಕೆಲಸಕ್ಕೆ ಹೋಗಬಹುದಿತ್ತಲ್ಲ ಅಂತೀರಿ. ಯಶವಂತಪುರದಲ್ಲಿ ಮೆಟ್ರೊ ಹತ್ತಿ ಸಂಪಿಗೆ ರಸ್ತೆಯಲ್ಲಿ ಇಳಿದರೆ ಎದುರಿಗೆ ಮಾಲ್. ಅದು ನಿಂತಿರೋದು ರಾಜಾ ಮಿಲ್ ಜಾಗದಲ್ಲಿ. ಸ್ಟೇಷನ್ನಿಗೂ ಮಾಲಿನ ಹೆಸರೇ ಇಟ್ಟಿದ್ದಾರೆ, ಮಿಲ್ಲಿನ ಹೆಸರು ಶ್ರೀರಾಂಪುರದ ಮುದುಕರ ಬಾಯಲ್ಲಿ ಮಾತ್ರ ಉಳಿದಿದೆ. ಊರಿನ ಇನ್ನೊಂದು ದೊಡ್ಡ ಗಿರಣಿ 1884ರಲ್ಲಿ ಶುರುವಾಗಿ ಎರಡೇ ವರ್ಷಕ್ಕೆ ಬಿನ್ನಿ ಕಂಪನಿ ಕೈಗೆ ಹೋಯ್ತು, ಬಿನ್ನಿಪೇಟೆ ಅನ್ನೋ ಹೆಸರು ಬಂದಿದ್ದು ಅದರಿಂದಲೇ.

ಮಿಲ್ಲಿನೊಳಗೆ ಜಾತಿ ಹೇಗೆ ಕೆಲಸ ಮಾಡ್ತಿತ್ತು ಅನ್ನೋದಕ್ಕೆ ಬಾಂಬೆ ನೋಡಬೇಕು. ಅಲ್ಲಿ ಅಸ್ಪೃಶ್ಯರಿಗೆ ನೂಲುವ ಖಾತೆಯಲ್ಲಿ ಕೆಲಸ ಕೊಡ್ತಿದ್ರು, ನೇಯುವ ಖಾತೆಗೆ ಸೇರಿಸ್ತಿರಲಿಲ್ಲ. ಸಂಬಳ ಜಾಸ್ತಿ ಇದ್ದದ್ದು ನೇಯುವ ಖಾತೆಯಲ್ಲಿ. ಕಾರಣ ಏನು ಗೊತ್ತಾ? ಎಂಜಲು. ಲಾಳಿಯೊಳಗಿನ ಕಂಡಿಕೆ ಮುಗಿದಾಗ ಹೊಸದು ಹಾಕಿ, ನೂಲಿನ ತುದಿಯನ್ನ ಲಾಳಿಯ ಸಣ್ಣ ತೂತಿನಿಂದ ಬಾಯಲ್ಲಿ ಎಳೀಬೇಕಿತ್ತು. ನಮ್ಮವರ ಬಾಯಿ ತಾಗಿದ ಲಾಳಿಗೆ ತಮ್ಮ ಬಾಯಿ ತಾಗಿಸಲ್ಲ ಅಂತ ಸವರ್ಣ ಕಾರ್ಮಿಕರ ಹಟ. ಹೌದು, ಕಾರ್ಮಿಕರದ್ದೇ. ಕೆಂಬಾವುಟ ಹಿಡಿದವರೂ ಅದರಲ್ಲಿದ್ದರು. 1928ರ ದೊಡ್ಡ ಮುಷ್ಕರದ ಹೊತ್ತಲ್ಲಿ ಬಾಬಾಸಾಹೇಬರು, ಈ ನಿಷೇಧ ತೆಗೆಯೋದೂ ಮುಷ್ಕರದ ಬೇಡಿಕೆಯಾಗಬೇಕು ಅಂತ ನಾಯಕರ ಮೇಲೆ ಒತ್ತಡ ಹಾಕಿದ್ದು ಇದಕ್ಕೇ. "ವರ್ಗ ಒಂದೇ ಸಾಕು, ಜಾತಿ ಯಾಕೆ ಎತ್ತುತ್ತೀರಿ" ಅಂತ ಈಗಲೂ ನಮಗೆ ಬುದ್ಧಿ ಹೇಳೋ ಸಂಗಾತಿಗಳು ಆ ಲಾಳಿಯನ್ನ ಒಮ್ಮೆ ಕೈಯಲ್ಲಿ ಹಿಡಿದು ನೋಡಲಿ.

ಮದ್ರಾಸಿನ ಕಥೆ ಇನ್ನೂ ಕಹಿ. ಅದೇ ಬಿನ್ನಿ ಕಂಪನಿಯ ಅಲ್ಲಿನ ಮಿಲ್ಲುಗಳಲ್ಲಿ 1921ರಲ್ಲಿ ಮುಷ್ಕರ ಆದಾಗ ಆದಿ ದ್ರಾವಿಡರು ಕೆಲಸಕ್ಕೆ ವಾಪಸ್ ಹೋದರು. ಪುಳಿಯಾಂತೋಪಿನಲ್ಲಿ ಗುಡಿಸಲುಗಳಿಗೆ ಬೆಂಕಿ ಬಿತ್ತು, ಪೊಲೀಸ್ ಗುಂಡಿಗೆ ಜನ ಸತ್ತರು. ಎಂ.ಸಿ. ರಾಜಾ ಕೊನೆಗೆ 1923ರಲ್ಲಿ ಜಸ್ಟಿಸ್ ಪಕ್ಷವನ್ನೇ ಬಿಟ್ಟರು. ಮುಷ್ಕರ ಮುರಿದವರು ಅನ್ನೋ ಒಂದೇ ಮಾತಲ್ಲಿ ಅವರ ಕಥೆ ಮುಗಿಸೋರು, ಮನೇಲಿ ಎರಡು ದಿನದ ಕಾಳೂ ಇಲ್ಲದವನು ತಿಂಗಳುಗಟ್ಟಲೆ ಹೇಗೆ ಮುಷ್ಕರ ಮಾಡ್ತಾನೆ ಅಂತ ಕೇಳೋದಿಲ್ಲ.

ಈಗ ನಮ್ಮ ಕೈಗೆ ಬಟ್ಟೆ ಮತ್ತೆ ಬಂದಿದೆ. ನೇಯೋಕಲ್ಲ, ಹೊಲಿಯೋಕೆ. ದೊಡ್ಡಬಳ್ಳಾಪುರದ ಅಪೆರಲ್ ಪಾರ್ಕ್, ಪೀಣ್ಯ, ಯಶವಂತಪುರ. ಬೆಳಗ್ಗೆ ಗಾರ್ಮೆಂಟ್ಸ್ ವ್ಯಾನುಗಳಲ್ಲಿ ತುಂಬಿಕೊಂಡು ಹೋಗೋ ಹೆಣ್ಣುಮಕ್ಕಳಲ್ಲಿ ನಮ್ಮ ಕೇರಿಯವರು ಎಷ್ಟು ಜನ ಅಂತ ಕೇರಿಯವರಿಗೆ ಗೊತ್ತು. ನಮ್ಮ ಅತ್ತಿಗೆ ಹನ್ನೊಂದು ವರ್ಷದಿಂದ ಕಾಲರ್ ಹೊಲೀತಾರೆ. ಬರೀ ಕಾಲರ್. ಟಾರ್ಗೆಟ್ ಮುಗಿಯದಿದ್ದರೆ ಬಾತ್‌ರೂಮಿಗೂ ಏಳೋ ಹಾಗಿಲ್ಲ. ಸೂಪರ್‌ವೈಸರ್ ಬೈಯೋ ಭಾಷೆಯನ್ನ ಇಲ್ಲಿ ಬರೆಯಲ್ಲ.

ಆದರೆ ಇದೇ ಹೆಣ್ಣುಮಕ್ಕಳು 2016ರ ಏಪ್ರಿಲ್ 18 ಮತ್ತು 19ರಂದು ಏನು ಮಾಡಿದರು ಅಂತ ನೆನಪಿದೆಯಾ? ಪಿಎಫ್‌ನಲ್ಲಿ ಮಾಲೀಕರ ಪಾಲನ್ನ 58 ವರ್ಷ ಆಗೋವರೆಗೂ ತೆಗೆಯೋ ಹಾಗಿಲ್ಲ ಅಂತ ಕೇಂದ್ರ ನಿಯಮ ತಂದಿತ್ತು. ಯಾವ ದೊಡ್ಡ ಯೂನಿಯನ್ನೂ ಕರೆ ಕೊಡಲಿಲ್ಲ, ವೇದಿಕೆ ಇಲ್ಲ, ಭಾಷಣ ಇಲ್ಲ. ಸಾವಿರಾರು ಹೆಂಗಸರು ಮಿಷನ್ ಬಿಟ್ಟು ಎದ್ದು ಬಂದು ಹೊಸೂರು ರಸ್ತೆ, ತುಮಕೂರು ರಸ್ತೆ ಎರಡನ್ನೂ ನಿಲ್ಲಿಸಿಬಿಟ್ಟರು. ಲಾಠಿ ಏಟೂ ತಿಂದರು. ಎರಡನೇ ದಿನ ಸಂಜೆಯೊಳಗೆ ದೆಹಲಿ ಆ ನಿಯಮ ವಾಪಸ್ ತಗೊಂಡಿತು. ನಿಯಮ ಬದಲಾಗಿದ್ದು ಇಡೀ ದೇಶದ ಕಾರ್ಮಿಕರಿಗೆ, ಬರೀ ಬೆಂಗಳೂರಿನವರಿಗಲ್ಲ. ನಮ್ಮ ಲಿಯೋನ್ ಇದು. ಜಾಲಹಳ್ಳಿ ಕ್ರಾಸಿನಲ್ಲಿ ಇದನ್ನ ನೆನಪಿಸೋ ಒಂದು ಕಲ್ಲಾದರೂ ಇದೆಯಾ?

ನೇಕಾರಿಕೆಯ ಬಗ್ಗೆ ಮ್ಯೂಸಿಯಂ ಮಾಡಿ, ಪುಸ್ತಕ ತನ್ನಿ, ಬೀದಿ ಬೀದಿ ಸುತ್ತಿಸಿ ತೋರಿಸಿ. ಅದರಲ್ಲಿ ಬುಕಾನನ್ನನ ಪಟ್ಟಿ ಪೂರ್ತಿ ಇರಲಿ. ಬಾಯಿ ತಾಗಿಸಬಾರದಾಗಿದ್ದ ಆ ಲಾಳಿ ಇರಲಿ. ಕಾಲರ್ ಹೊಲಿಯೋ ಮಿಷನ್ನೂ ಇರಲಿ.

ಅಲ್ಲಿಯವರೆಗೆ ನಮ್ಮ ಕೆಲಸ ನಾವು ಮಾಡೋಣ. ಯಲಹಂಕ, ದೊಡ್ಡಬಳ್ಳಾಪುರ, ದೇವನಹಳ್ಳಿ, ನೆಲಮಂಗಲ ಕಡೆಯ ಕೇರಿಗಳಲ್ಲಿ ಎಂಬತ್ತು ದಾಟಿದ ಅಜ್ಜ ಅಜ್ಜಿ ಇದ್ದರೆ ಈ ಭಾನುವಾರ ಹೋಗಿ ಕೂತ್ಕೊಳ್ಳಿ. ಮನೇಲಿ ಮಗ್ಗ ಇತ್ತಾ, ಎಂಥ ಬಟ್ಟೆ ನೇಯ್ತಿದ್ರು, ಯಾರಿಗೆ ಮಾರ್ತಿದ್ರು, ಗುಂಡಿ ಯಾವಾಗ ಮುಚ್ಚಿದ್ರು, ಕೇಳಿ. ಫೋನಿನಲ್ಲಿ ರೆಕಾರ್ಡ್ ಮಾಡಿ ನನಗೆ ಕಳಿಸಿ. ನಮ್ಮಜ್ಜಿಯ ಮಾತು ಮಾತ್ರ ನನ್ನ ಹತ್ರ ರೆಕಾರ್ಡ್ ಆಗಿಲ್ಲ, ಅವರು ಹೋದಾಗ ನಮ್ಮನೇಲಿ ಅಂಥ ಫೋನ್ ಇರಲಿಲ್ಲ.

ಜೈ ಭೀಮ್.